ಎಣ್ಣೆ ಕುಡಿದ ಮರ

ಎಣ್ಣೆಗೂ ಸೀಗೆಕಾಯಿಗೂ ಇರುವ ಸಂಬಂಧವೆಂದರೆ ಕನ್ನಡಿಗರಿಗೆಲ್ಲ ತಿಳಿದ ಮಾತು. ಆದರೆ ಎಣ್ಣೆಗೂ ಅಂಟಿಗೂ ಇರುವ ವೈರ ಅದಕ್ಕಿಂತಲೂ ಆಳವಾದುದು. ಸೀಗೆಕಾಯಿ ಎಣ್ಣೆಯೊಡನೆ ಹೋರಾಡಿ ಅದನ್ನು ತೊಳೆದು ಹಾಕುತ್ತದೆ. ಅಂಟಿಗೆ ಆ ಶಕ್ತಿಯಿಲ್ಲ. ಮರದ ತುಂಡೆರಡನ್ನು ಅಂಟು ಹಿಡಿದಿಡುವುದು ಮೇಲ್ಮೈಯ ಮೇಲೆ ಕುಳಿತಲ್ಲ. ಮರದ ಸೂಕ್ಷ್ಮ ರಂಧ್ರಗಳೊಳಗೆ ಇಳಿದು, ಅಲ್ಲಿಯೇ ಗಟ್ಟಿಯಾಗಿ, ಬೇರಿನಂತೆ ಹಬ್ಬಿ ನಿಂತು. ಆ ರಂಧ್ರಗಳಲ್ಲಿ ಎಣ್ಣೆ ಮೊದಲೇ ಮನೆಮಾಡಿದ್ದರೆ ಅಂಟಿಗೆ ಪ್ರವೇಶವಿಲ್ಲ. ಅದು ಹೊರಗೇ ಒಣಗುತ್ತದೆ. ಒಣಗಿದುದರಿಂದ ನೋಡುವವರ ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ. ಕಾಣುವುದು ಬೇರೆ, ಇರುವುದು ಬೇರೆ. ಭಾರ ಬಿದ್ದ ದಿನ ಅಂಟಿನ ಪದರವು ಒಣಗಿದ ಹಾಲಿನ ಕೆನೆಯಂತೆ ಸುಲಿದು ಬರುತ್ತದೆ.

ಈ ಸಂಗತಿಯನ್ನು ಬಡಗಿಗಳು ಬಲ್ಲರು, ಗಾಣದ ದುರಸ್ತಿ ಮಾಡುವವರು ಬಲ್ಲರು. ಆದರೆ ಇದರ ನೋವನ್ನು ಸಂಪೂರ್ಣವಾಗಿ ಉಂಡವರೆಂದರೆ ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ಹವ್ಯಾಸಿಗಳು. ಮಾದರಿ ವಿಮಾನವೆಂದೊಡನೆ ಗಾಜಿನ ಕಪಾಟಿನಲ್ಲಿ ಇಡುವ ಗೊಂಬೆಯೆಂದು ಭಾವಿಸಬಾರದು. ಅದು ನಿಜವಾಗಿ ಹಾರುವ ಯಂತ್ರ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣನು ರಬ್ಬರಿನ ಸುರುಳಿಯ ಬಲದಿಂದ ಹಾರುವ ಪುಟ್ಟ ವಿಮಾನವೊಂದನ್ನು ಪ್ಯಾರಿಸ್ಸಿನ ಉದ್ಯಾನದಲ್ಲಿ ಜನರೆದುರು ಹಾರಿಸಿ ತೋರಿಸಿದನು. ಅವನ ಕಲ್ಪನೆಯ ಮೇಲೆ ರಚಿತವಾದ ಹಾರುವ ಆಟಿಕೆಯೊಂದನ್ನು 1878ರಲ್ಲಿ ತಂದೆಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ಕೊಂಡುತಂದರು. ಆ ಮಕ್ಕಳೇ ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್. 1903ರಲ್ಲಿ ಅವರು ಮಾಡಿದ ಸಾಧನೆ ಲೋಕಪ್ರಸಿದ್ಧ. ಈಚಿನ ಉದಾಹರಣೆಯನ್ನೇ ಬೇಕೆಂದರೆ, 2003ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮೇನಾರ್ಡ್ ಹಿಲ್ ಎಂಬ ವೃದ್ಧರು ತಮ್ಮ ಸಂಗಡಿಗರೊಡನೆ ಕಟ್ಟಿದ, ಇಂಧನ ಸಹಿತ ಐದು ಕಿಲೋಗ್ರಾಮಿನಷ್ಟೇ ತೂಗುವ ಮಾದರಿ ವಿಮಾನವು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, 38 ಗಂಟೆಗೂ ಮೀರಿ ಹಾರಿ, ಅಟ್ಲಾಂಟಿಕ್ ಸಾಗರವನ್ನು ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಆ ವೇಳೆಗೆ ಅವರ ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಅವರ ಬೆರಳುಗಳೇ ಮರವನ್ನು ನೋಡುತ್ತಿದ್ದವು.

ಆ ಮರ ಯಾವುದು? ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಲೋಕಕ್ಕೆಲ್ಲ ಹೆಚ್ಚಾಗಿ ಬರುವ ಮರವಿದು. ಕೆಲವೇ ವರ್ಷಗಳಲ್ಲಿ ಆಳೆತ್ತರವನ್ನು ಎಷ್ಟೋ ಪಾಲು ಮೀರಿ ಬೆಳೆದು ಕಡಿಯಲು ಸಿದ್ಧವಾಗುತ್ತದೆ. ಅದರ ಕೋಶಗಳು ದೊಡ್ಡವು, ಅವುಗಳ ಗೋಡೆ ತೆಳು; ಜೀವಂತ ಮರದಲ್ಲಿ ಅವು ನೀರಿನಿಂದ ತುಂಬಿರುತ್ತವೆ. ಕಡಿದು ಒಲೆಯಲ್ಲಿ ಒಣಗಿಸಿದಾಗ ನೀರು ಹೋಗಿ ಗಾಳಿ ಉಳಿಯುತ್ತದೆ. ಒಂದು ಘನ ಮೀಟರ್ ಒಣಗಿದ ಬಾಲ್ಸಾ ಸುಮಾರು 160 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ತೇಗವು ಅದರ ನಾಲ್ಕರಷ್ಟು ತೂಗೀತು. ಹಗುರವಾದರೂ ದುರ್ಬಲವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮಸ್ಕಿಟೊ ಎಂಬ ಯುದ್ಧವಿಮಾನದ ಒಡಲನ್ನು ಬರ್ಚ್ ಮರದ ಪದರಗಳ ನಡುವೆ ಬಾಲ್ಸಾವನ್ನಿಟ್ಟು ಕಟ್ಟಿದ್ದರು.

ಆದರೆ ಯಾವ ಗುಣದಿಂದ ಬಾಲ್ಸಾ ಹಗುರವಾಯಿತೋ ಅದೇ ಗುಣ ಅದರ ದೋಷವೂ ಆಗಿದೆ. ಒಣಗಿದ ಬಾಲ್ಸಾದ ಒಳಗೆಲ್ಲ ಬರಿದಾದ ಕೋಣೆಗಳು. ಬಾಗಿಲು ತೆರೆದರೆ ಯಾರು ಬೇಕಾದರೂ ಬಂದು ಸೇರಬಹುದು. 1947ರಲ್ಲಿ ನಾರ್ವೆಯ ಥಾರ್ ಹೆಯರ್‌ಡಾಲ್ ಬಾಲ್ಸಾ ದಿಮ್ಮಿಗಳ ತೆಪ್ಪ ಕಟ್ಟಿ, ಅದಕ್ಕೆ ಕಾನ್-ಟಿಕಿ ಎಂದು ಹೆಸರಿಟ್ಟು, ಪೆರು ದೇಶದ ಕರಾವಳಿಯಿಂದ ಶಾಂತಸಾಗರಕ್ಕೆ ಇಳಿದಾಗ, ಮರವು ನೀರು ಹೀರಿ ಮುಳುಗುವುದೆಂದು ಬಲ್ಲವರು ಎಚ್ಚರಿಸಿದ್ದರು. ತೆಪ್ಪ ಮುಳುಗಲಿಲ್ಲ, 101 ದಿನ ತೇಲಿ ಪಾಲಿನೇಷ್ಯದ ಹವಳದ ದಂಡೆಯನ್ನು ಮುಟ್ಟಿತು. ಕಾರಣವೇನೆಂದರೆ ಆ ದಿಮ್ಮಿಗಳು ಹಸಿಯವು. ಮರದ ಸ್ವಂತ ರಸವೇ ಒಳಗೆ ತುಂಬಿದ್ದುದರಿಂದ ಸಮುದ್ರದ ನೀರಿಗೆ ಎಡೆ ದೊರೆಯಲಿಲ್ಲ. ವಿಮಾನ ಕಟ್ಟುವವನಿಗೆ ಈ ಭಾಗ್ಯವಿಲ್ಲ. ಅವನಿಗೆ ಬೇಕಾದುದು ಒಣಮರ. ಒಣಮರಕ್ಕೆ ಬಾಯಾರಿಕೆ ಸಹಜ.

ಅದು ಕುಡಿಯುವುದು ನೀರನ್ನಲ್ಲ, ಎಂಜಿನ್ನು ಉಗುಳಿದ ಎಣ್ಣೆಯನ್ನು. 1947ರಲ್ಲಿಯೇ ಅಮೆರಿಕದ ರೇ ಆರ್ಡೆನ್ ಎಂಬವರು ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಹೆಬ್ಬೆರಳಿನ ಗಾತ್ರದ ಎಂಜಿನ್ನುಗಳು ಎಲ್ಲೆಡೆ ಪ್ರಚಾರಕ್ಕೆ ಬಂದವು. ಈ ಪ್ಲಗ್ಗಿನಲ್ಲಿ ಪ್ಲಾಟಿನಂ ಮಿಶ್ರಿತ ತಂತಿಯ ಸಣ್ಣ ಸುರುಳಿಯಿದೆ. ಆರಂಭದಲ್ಲಿ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿದರೆ ಸಾಕು. ಬಳಿಕ ಮೆಥನಾಲ್ ಉರಿಯುವ ಶಾಖದಿಂದಲೂ ಪ್ಲಾಟಿನಮ್ಮಿನ ಪ್ರಭಾವದಿಂದಲೂ ಅದು ತಾನಾಗಿಯೇ ಕೆಂಪಗಿರುತ್ತದೆ. ಇಂಥ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಇಂಧನದಲ್ಲಿಯೇ ಸುಮಾರು ಐದನೆಯ ಒಂದು ಪಾಲು ಎಣ್ಣೆಯನ್ನು ಬೆರೆಸುತ್ತಾರೆ. ಮೆಥನಾಲ್ ಉರಿದುಹೋಗುತ್ತದೆ, ಎಣ್ಣೆಯ ಬಹುಭಾಗ ಉರಿಯದೆ ಹೊಗೆಯ ಕೊಳವೆಯಿಂದ ಸಿಡಿದು ವಿಮಾನದ ಮೈಮೇಲೆ ಬೀಳುತ್ತದೆ.

ಹಳೆಯ ಪದ್ಧತಿಯಲ್ಲಿ ಈ ಎಣ್ಣೆ ಬೇರಾವುದೂ ಅಲ್ಲ, ಹರಳೆಣ್ಣೆ. ಉತ್ತರ ಕರ್ನಾಟಕದವರು ಔಡಲ ಎಣ್ಣೆ ಎನ್ನುವುದು ಇದನ್ನೇ. ಅಜ್ಜಿಯರು ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಗೂ ವಿಮಾನಕ್ಕೂ ಎಲ್ಲಿಯ ನಂಟು ಎಂದು ಆಶ್ಚರ್ಯಪಡಬೇಕಾಗಿಲ್ಲ. 1914ರಿಂದ 1918ರವರೆಗಿನ ಮೊದಲನೆಯ ಮಹಾಯುದ್ಧದಲ್ಲಿ ಹಾರಿದ ಅನೇಕ ವಿಮಾನಗಳ ಎಂಜಿನ್ನುಗಳು, ಸಿಲಿಂಡರುಗಳ ಸಮೇತ, ಪ್ರೊಪೆಲರಿನೊಡನೆ ಗಿರ್ರನೆ ತಿರುಗುವಂಥವು. ಅವುಗಳಲ್ಲಿ ಪೆಟ್ರೋಲಿನ ಆವಿ ಎಂಜಿನ್ನಿನ ಗರ್ಭದ ಮೂಲಕವೇ ಹಾಯ್ದು ಹೋಗಬೇಕಾಗಿತ್ತು. ಸಾಧಾರಣ ಖನಿಜ ತೈಲವನ್ನು ಹಾಕಿದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತಿತ್ತು. ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಆದುದರಿಂದ ಅದನ್ನೇ ಆರಿಸಿಕೊಂಡರು. ಪ್ರಸಿದ್ಧವಾದ ಕ್ಯಾಸ್ಟ್ರಾಲ್ ಎಂಬ ತೈಲದ ಹೆಸರು ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ ಹುಟ್ಟಿದುದು. ಇಂದಿಗೂ ಲೋಕದಲ್ಲಿ ಅತ್ಯಧಿಕ ಹರಳೆಣ್ಣೆಯನ್ನು ಒದಗಿಸುವ ದೇಶ ಭಾರತ.

ಪೆಟ್ರೋಲಿಗೂ ಸೀಮೆಎಣ್ಣೆಗೂ ಬಗ್ಗದ ಈ ಎಣ್ಣೆ ಮದ್ಯಸಾರಕ್ಕೆ ಮಾತ್ರ ಸುಲಭವಾಗಿ ಒಲಿಯುತ್ತದೆ. ಎಣ್ಣೆಗಳ ಕುಲದಲ್ಲಿಯೇ ಇದು ವಿಚಿತ್ರ ಸ್ವಭಾವ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳಿಗೆ ಈ ಗುಣವಿಲ್ಲ. ಹರಳೆಣ್ಣೆಯ ಬಹುಭಾಗವಾಗಿರುವ ರಿಸಿನೋಲಿಕ್ ಆಮ್ಲದ ರಚನೆಯಲ್ಲಿ ಮದ್ಯಸಾರದಲ್ಲಿರುವಂಥದೇ ಒಂದು ಅಂಶವಿರುವುದು ಇದಕ್ಕೆ ಕಾರಣವೆಂದು ರಸಾಯನಶಾಸ್ತ್ರ ಹೇಳುತ್ತದೆ. ಮಾದರಿ ವಿಮಾನದ ಡೀಸೆಲ್ ಎಂಜಿನ್ನುಗಳಲ್ಲಿ ಸೀಮೆಎಣ್ಣೆಯನ್ನೂ ಹರಳೆಣ್ಣೆಯನ್ನೂ ಒಂದುಗೂಡಿಸಲು ಈಥರನ್ನು ಬೆರೆಸಬೇಕಾಗುವುದೂ ಇದರಿಂದಲೇ; ಎರಡನ್ನೂ ಬಲ್ಲ ಮಧ್ಯಸ್ಥನಿಲ್ಲದೆ ಅವು ಬೆರೆಯುವುದಿಲ್ಲ. ಇದನ್ನು ತಿಳಿಯದವರು ಎಣ್ಣೆ ಕುಡಿದ ಮರವನ್ನು ಹಿಡಿದು ಪಡುವ ಪಾಡು ಹೇಳತೀರದು.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಿವೃತ್ತರಾದ ಮರಗೆಲಸದ ಮೇಷ್ಟ್ರೊಬ್ಬರಿದ್ದರು. ಶಾಲೆಯಲ್ಲಿದ್ದಾಗ ಎನ್.ಸಿ.ಸಿ. ವಾಯುವಿಭಾಗದ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನು ಕಲಿಸಿದವರು. ನಿವೃತ್ತಿಯ ನಂತರವೂ ಅವರ ಮನೆಯ ಹಿಂದಿನ ಚಪ್ಪರಕ್ಕೆ ಮುರಿದ ರೆಕ್ಕೆಗಳು ಬರುತ್ತಲೇ ಇದ್ದವು. ಒಂದು ಸಂಜೆ ಪಿ.ಯು.ಸಿ. ಓದುವ ಹುಡುಗನೊಬ್ಬನು ತಾಯಿಯೊಡನೆ ಬಂದನು. ಅವನ ಕೈಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ವಿಮಾನವೊಂದಿತ್ತು. ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ಸುತ್ತ ಹಾರುವ, ಕಂಟ್ರೋಲ್ ಲೈನ್ ಎಂದು ಹೆಸರಾದ ಬಗೆಯದು. ಮೇಷ್ಟ್ರು ಬಟ್ಟೆ ಬಿಚ್ಚಿ ನೋಡಿದೊಡನೆ ಗುರುತು ಹಿಡಿದರು. ಅದನ್ನು ಕಟ್ಟಿದವನು ಅವರ ಶಿಷ್ಯನೇ; ಆ ಹುಡುಗನ ತಂದೆ. ಆತ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.

ಅಟ್ಟದಿಂದ ಇಳಿಸಿದ ವಿಮಾನವನ್ನು ಹುಡುಗನು ತಾನೇ ರಿಪೇರಿ ಮಾಡಿ ಹಾರಿಸಲು ಯತ್ನಿಸಿದ್ದನು. ಎಂಜಿನ್ನನ್ನು ಹೊರುವ, ಫೈರ್‌ವಾಲ್ ಎಂಬ ಪ್ಲೈವುಡ್ ಹಲಗೆ ಸಡಿಲವಾಗಿದ್ದುದನ್ನು ಕಂಡು ಅರಾಲ್ಡೈಟ್ ಹಚ್ಚಿ ಅಂಟಿಸಿದ್ದನು. ಎಂಜಿನ್ನು ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಹಲಗೆ ನಡುಗಿ ಕಿತ್ತುಬಂದಿತ್ತು. ವಿಮಾನ ಇನ್ನೂ ನೆಲದ ಮೇಲಿದ್ದುದರಿಂದ ಯಾರಿಗೂ ಅಪಾಯವಾಗಲಿಲ್ಲ. ಆ ಬಳಿಕ ಎಣ್ಣೆಯೇ ಕಾರಣವೆಂದು ಯಾರೋ ಹೇಳಿದರೆಂದು ಸೀಮೆಎಣ್ಣೆಯಲ್ಲಿ ಬಟ್ಟೆಯದ್ದಿ ಮೂರು ದಿನ ತಿಕ್ಕಿದ್ದನು. ಮರ ಇನ್ನಷ್ಟು ಕಪ್ಪಾಗಿತ್ತೇ ಹೊರತು ಎಣ್ಣೆ ಕದಲಿರಲಿಲ್ಲ.

“ಮೇಷ್ಟ್ರೇ, ಇದನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಳ್ಳೋಣ ಅಂದೆ. ಇವನು ಕೇಳೋದಿಲ್ಲ. ಹಾರಿಸಲೇಬೇಕಂತೆ” ಎಂದರು ತಾಯಿ.

ಮೇಷ್ಟ್ರು ಉತ್ತರ ಹೇಳದೆ ಮೂತಿಯ ಮರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಉಗುರಿನ ಸುತ್ತ ಜಿಡ್ಡು ಒಸರಿತು. ಅವರು ಹುಡುಗನಿಗೆ ಮೊದಲು ಹೇಳಿದುದು ಅಪಾಯದ ವಿಚಾರ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಪ್ರೊಪೆಲರು ಎಂಜಿನ್ನಿನ ಸಮೇತ ಕಳಚಿ ಹಾರಿದರೆ ಅದು ಆಟದ ಸಾಮಾನಾಗಿ ಉಳಿಯುವುದಿಲ್ಲ. ಎದುರಿಗೆ ನಿಂತವನ ಕಣ್ಣು ಹೋದೀತು. “ಹಾರಿಸೋದಾದರೆ ಹೊಸದರಷ್ಟೇ ಗಟ್ಟಿಯಾಗಿರಬೇಕು ಕಣಪ್ಪ. ಇಲ್ಲವಾದರೆ ನಿಮ್ಮಮ್ಮ ಹೇಳಿದ ಹಾಗೆ ಗೋಡೆಗೆ ತೂಗುಹಾಕು. ನಡುವೆ ಇನ್ನೊಂದು ದಾರಿ ಇಲ್ಲ” ಎಂದರು. ಸುಲಭವಾದ ಉಪಾಯವೂ ಇತ್ತು: ಮೂತಿಯನ್ನೆಲ್ಲ ಕತ್ತರಿಸಿ ಬಿಸುಟು ಹೊಸ ಮರ ಸೇರಿಸುವುದು. ಹುಡುಗನ ಮುಖ ಬಾಡಿತು. ಅಪ್ಪ ಕಟ್ಟಿದುದರಲ್ಲಿ ಆದಷ್ಟೂ ಉಳಿಯಲಿ ಎಂಬುದೇ ಅವನು ಬಂದ ಉದ್ದೇಶವಾಗಿತ್ತು. ಮೇಷ್ಟ್ರು ಒಂದು ವಾರ ಪ್ರಯತ್ನಿಸಿ ನೋಡಲು ಒಪ್ಪಿದರು.

ಮೊದಲನೆಯ ದಿನ ದ್ರಾವಕವನ್ನು ಮುಟ್ಟಲೇ ಇಲ್ಲ. ಅಂಚಿನ ಬಣ್ಣವನ್ನೂ ಡೋಪಿನ ಲೇಪವನ್ನೂ ಕೆರೆದು ತೆಗೆದು ಮರದ ಬಾಯಿ ತೆರೆದರು. ಹೀರುಕಾಗದವನ್ನು ಮಡಿಸಿ ಇಟ್ಟು, ಹದವಾಗಿ ಕಾಯ್ದ ಇಸ್ತ್ರಿಪೆಟ್ಟಿಗೆಯ ತುದಿಯನ್ನು ಅದರ ಮೇಲೆ ನಿಲ್ಲಿಸಿದರು. ಹರಳೆಣ್ಣೆ ತಣ್ಣಗಿದ್ದಾಗ ಜೇನಿನಂತೆ ಮಂದ. ಕಾಯ್ದರೆ ತೆಳ್ಳಗಾಗಿ ಹರಿಯುತ್ತದೆ. ಕಾಗದದ ಮೇಲೆ ಕಂದುಬಣ್ಣದ ಕಲೆ ಹರಡಿತು. ಕಲೆ ಬೀಳುವುದು ನಿಲ್ಲುವವರೆಗೂ ಕಾಗದವನ್ನು ಬದಲಿಸುತ್ತ ಹೋದರು. ಹೆಚ್ಚು ಕಾಯಿಸಲು ಹುಡುಗ ಆತುರಪಟ್ಟಾಗ ಮೇಷ್ಟ್ರು ತಡೆದರು. ಅತಿಯಾಗಿ ಕಾಯ್ದ ಹರಳೆಣ್ಣೆ ಅರಗಿನಂತೆ ಗಟ್ಟಿಯಾಗಿ ಮರದಲ್ಲಿಯೇ ಕಚ್ಚಿಕೊಳ್ಳುತ್ತದೆ. ಹಳೆಯ ಎಂಜಿನ್ನುಗಳ ಮೇಲೆ ಕಾಣುವ ಕಂದು ಪೊರೆ ಅಂಥದೇ.

ಎರಡನೆಯ ದಿನ, ಇಸ್ತ್ರಿಪೆಟ್ಟಿಗೆಯನ್ನು ಒಳಮನೆಗೆ ಸಾಗಿಸಿ, ಚಪ್ಪರದಲ್ಲಿ ಬೆಂಕಿಯ ಸುಳಿವೂ ಇಲ್ಲದಂತೆ ಮಾಡಿದ ಮೇಲೆ ಮದ್ಯಸಾರ ಹೊರಬಂದಿತು. ಹುಡುಗನ ಬಳಿಯಿದ್ದ ಮೆಥನಾಲನ್ನು ಮೇಷ್ಟ್ರು ಒಪ್ಪಲಿಲ್ಲ. ಅದು ಚರ್ಮದ ಮೂಲಕವೂ ಮೈಗೆ ಸೇರುವ, ಕಣ್ಣನ್ನು ಕೆಡಿಸುವ ವಿಷ. ಔಷಧದ ಅಂಗಡಿಯಲ್ಲಿ ದೊರೆಯುವ ಐಸೋಪ್ರೊಪೈಲ್ ಆಲ್ಕೊಹಾಲನ್ನು ತರಿಸಿದರು. ಅಸಿಟೋನ್ ಇನ್ನೂ ತೀಕ್ಷ್ಣವಲ್ಲವೇ ಎಂದು ಹುಡುಗ ಕೇಳಿದನು. ತೀಕ್ಷ್ಣವೇ ನಿಜ, ಆದರೆ ಆ ಕಾಲದ ವಿಮಾನಗಳನ್ನು ಜೋಡಿಸಿದ ಬಾಲ್ಸಾ ಸಿಮೆಂಟೂ ಡೋಪೂ ಸೆಲ್ಯುಲೋಸಿನಿಂದ ಮಾಡಿದವು. ಅಸಿಟೋನ್ ಎಣ್ಣೆಯೊಡನೆ ಗಟ್ಟಿಯಾಗಿದ್ದ ಸಂದುಗಳನ್ನೂ ಕರಗಿಸಿಬಿಡುತ್ತದೆ. ರೋಗದೊಡನೆ ರೋಗಿಯನ್ನೂ ಕೊಲ್ಲುವ ಮದ್ದು ಮದ್ದಲ್ಲ.

ಆದರೆ ದ್ರಾವಕವೊಂದರಿಂದಲೇ ಕಾರ್ಯ ಸಾಧಿಸದು. ಮದ್ಯಸಾರವನ್ನು ಮರದ ಮೇಲೆ ಸುರಿದರೆ ಎಣ್ಣೆ ಕರಗುತ್ತದೆ, ನಿಜ. ಕರಗಿದ ಎಣ್ಣೆ ಎಲ್ಲಿಗೆ ಹೋಗಬೇಕು? ಮದ್ಯಸಾರ ಆವಿಯಾಗಿ ಹೋಗುತ್ತದೆ, ತೆಳುವಾದ ಎಣ್ಣೆ ಇನ್ನೂ ಆಳಕ್ಕೆ, ಇದುವರೆಗೆ ಶುದ್ಧವಾಗಿದ್ದ ಮರಕ್ಕೂ ಹಬ್ಬುತ್ತದೆ. ಅದನ್ನು ಹೊರಗೆ ಕರೆಯುವ ಇನ್ನೊಂದು ವಸ್ತು ಬೇಕು. ಸೀರೆಯ ಮೇಲೆ ಎಣ್ಣೆ ಚೆಲ್ಲಿದರೆ ಹೆಂಗಸರು ಪೌಡರು ಉದುರಿಸಿಡುವುದು ಇದೇ ತತ್ತ್ವದಿಂದ. ಮೇಷ್ಟ್ರು ಕಾರ್ನ್‌ಫ್ಲೋರನ್ನು ಮದ್ಯಸಾರದಲ್ಲಿ ಕಲಸಿ, ದೋಸೆಹಿಟ್ಟಿನ ಹದಕ್ಕೆ ತಂದು, ಮರದ ಮೇಲೆ ಬೆರಳ ದಪ್ಪಕ್ಕೆ ಮೆತ್ತಿದರು. ಮದ್ಯಸಾರ ಒಳಗಿಳಿದು ಎಣ್ಣೆಯನ್ನು ಕರಗಿಸುತ್ತದೆ. ಆವಿಯಾಗುವುದು ಮಾತ್ರ ಹಿಟ್ಟಿನ ಹೊರಮೈಯಿಂದ. ಆದುದರಿಂದ ಒಳಗಿನ ದ್ರವವೆಲ್ಲ ಎಣ್ಣೆಯನ್ನು ಹೊತ್ತುಕೊಂಡು ಹೊರಮುಖವಾಗಿ ಹರಿಯಬೇಕಾಗುತ್ತದೆ. ಮದ್ಯಸಾರ ಗಾಳಿಗೆ ಸೇರಿದಾಗ ಎಣ್ಣೆ ಹಿಟ್ಟಿನಲ್ಲಿ ಸಿಕ್ಕಿಬೀಳುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವ ಕ್ರಮವೂ ಇಂಥದೇ. ಒಣಗಿ ಹಳದಿಯಾದ ಹಿಟ್ಟನ್ನು ಕುಂಚದಿಂದ ಕೊಡವಿ ಮತ್ತೆ ಹೊಸದನ್ನು ಮೆತ್ತಬೇಕು.

ಎಲ್ಲಿ ಮೆತ್ತಬೇಕೆಂಬುದರಲ್ಲಿಯೂ ವಿವೇಕ ಬೇಕು. ಮರದ ನಾಳಗಳು ಉದ್ದಕ್ಕೆ ಹರಿಯುತ್ತವೆ. ಎಣ್ಣೆ ಹಲಗೆಯ ಅಗಲವಾದ ಮೈಯಿಂದ ಒಳಹೊಕ್ಕುದು ಅಲ್ಪ. ಕತ್ತರಿಸಿದ ತುದಿಯಿಂದ, ತಿರುಪುಮೊಳೆಗಳ ರಂಧ್ರಗಳಿಂದ ಹೊಕ್ಕು ನಾಳಗಳಲ್ಲಿ ಅಂಗುಲಗಟ್ಟಲೆ ಹಿಂದಕ್ಕೆ ಓಡಿರುತ್ತದೆ. ಹುಡುಗ ಮೂರು ದಿನ ತಿಕ್ಕಿದುದು ಅಗಲವಾದ ಮೈಯನ್ನು. ಮೇಷ್ಟ್ರು ವಿಮಾನವನ್ನು ಮೂತಿ ಕೆಳಗಾಗಿ ತೂಗುಹಾಕಿ, ತುದಿಗೆ ಹಿಟ್ಟು ಮೆತ್ತಿದರು. “ಯಾವ ದಾರಿಯಲ್ಲಿ ಬಂತೋ ಆ ದಾರಿಯಲ್ಲೇ ಕಳಿಸಬೇಕು” ಎಂದಷ್ಟೇ ಹೇಳಿದರು.

ನಾಲ್ಕನೆಯ ದಿನಕ್ಕೆ ಮರ ಬಣ್ಣ ಬದಲಿಸತೊಡಗಿತು. ಎಣ್ಣೆ ಕುಡಿದ ಮರ ಕಪ್ಪಾಗಿ, ಒದ್ದೆಯ ಕಾಗದದಂತೆ ಕಾಣುತ್ತದೆ. ಎಣ್ಣೆ ಹೋದಂತೆ ಅದರ ಸಹಜವಾದ ನಸುಬಿಳುಪು ಮರಳುತ್ತದೆ. ಒಳಬದಿಯ ಬಲಗೆನ್ನೆಯಲ್ಲಿ ಹಿಟ್ಟನ್ನು ಕೊಡವಿದಾಗ ಹುಡುಗನಿಗೆ ಏನೋ ಗೀಟುಗಳು ಕಂಡವು. ಬೆಳಕಿಗೆ ಹಿಡಿದು ನೋಡಿದರೆ ಪೆನ್ಸಿಲಿನ ಬರಹ: “ಬಲ” ಎಂಬ ಮಾತು, ಒಂದು ನಡುಗೆರೆ, ಅದರ ಕೆಳಗೆ 38ಕ್ಕೆ 12 ಕೂಡಿಸಿ 50 ಎಂದು ಮಾಡಿದ ಲೆಕ್ಕ. ಶಾಯಿಯಾಗಿದ್ದರೆ ಮದ್ಯಸಾರ ಅದನ್ನು ಅಳಿಸಿಬಿಡುತ್ತಿತ್ತು. ಪೆನ್ಸಿಲಿನ ಗ್ರಾಫೈಟು ಯಾವ ದ್ರಾವಕಕ್ಕೂ ಕರಗದು. ಹೊಗೆ, ಎಣ್ಣೆ, ಅಟ್ಟದ ಧೂಳು ಎಲ್ಲವನ್ನೂ ದಾಟಿ ಅದು ಉಳಿದಿತ್ತು. ಸಂಜೆ ತಾಯಿ ಬಂದು ನೋಡಿದರು. “ಐದನ್ನು ಹೀಗೇ ಬರೀತಿದ್ದರು, ತಲೆ ಬಾಗಿಸಿ” ಎಂದರು. ಹೆಚ್ಚು ಮಾತನಾಡಲಿಲ್ಲ.

ಇನ್ನು ಉಳಿದುದು ಪರೀಕ್ಷೆ. ಕಣ್ಣಿಗೆ ಬಿಳಿಯಾಗಿ ಕಂಡ ಮರವೆಲ್ಲ ಶುದ್ಧವಾಗಿರಬೇಕೆಂಬ ನಿಯಮವಿಲ್ಲ. ಮೊದಲು ನೀರಿನ ಹನಿ: ಶುದ್ಧವಾದ ಮರದಲ್ಲಿ ಹನಿ ಇಂಗುತ್ತದೆ; ಜಿಡ್ಡಿದ್ದರೆ ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಲ್ಲುತ್ತದೆ. ಆ ಬಳಿಕ ಅಂಟಿನ ಪರೀಕ್ಷೆ: ಬಾಲ್ಸಾದ ಚೂರುಗಳನ್ನು ಅಲ್ಲಲ್ಲಿ ಅಂಟಿಸಿ, ಪೂರ್ತಿ ಒಣಗಿದ ಮೇಲೆ ಮುರಿದು ನೋಡುವುದು. ಚೂರು ತನ್ನ ಮೈಯಲ್ಲಿಯೇ ಮುರಿದು ಅಂಟಿನ ಸಂದು ಉಳಿದರೆ ಮರ ಆರೋಗ್ಯವಾಗಿದೆ. ಸಂದೇ ಕಿತ್ತುಬಂದರೆ ಎಣ್ಣೆ ಇನ್ನೂ ಇದೆ. ಎಡಗೆನ್ನೆ ಗೆದ್ದಿತು. ಕೆಳಹಲಗೆ ಗೆದ್ದಿತು. ಎಂಜಿನ್ನನ್ನು ಹೊರುವ ಗಟ್ಟಿಮರದ ತೊಲೆಗಳೆರಡೂ ಗೆದ್ದವು. ಬಲಗೆನ್ನೆ ಸೋತಿತು. ಹೊಗೆಯ ಕೊಳವೆ ಇದ್ದುದು ಆ ಮಗ್ಗುಲಲ್ಲಿಯೇ. ಮತ್ತೆರಡು ದಿನ ಹಿಟ್ಟು ಮೆತ್ತಿ ಪುನಃ ಪರೀಕ್ಷಿಸಿದರು, ಪುನಃ ಸೋತಿತು. ಬೆರಳಿನಿಂದ ಒತ್ತಿದರೆ ಎಣ್ಣೆ ಬರುತ್ತಿರಲಿಲ್ಲ, ಆದರೆ ಬಹುಕಾಲ ನೆನೆದ ನಾರುಗಳು ಮೆತ್ತಗಾಗಿದ್ದವು.

ಪೆನ್ಸಿಲಿನ ಬರಹವಿದ್ದುದು ಅಲ್ಲಿಯೇ.

ಮೇಷ್ಟ್ರು ಹುಡುಗನಿಗೆ ಮುರಿದ ಚೂರುಗಳನ್ನು ತೋರಿಸಿದರು, ವಾದ ಮಾಡಲಿಲ್ಲ. ಇಷ್ಟು ಶ್ರಮಪಟ್ಟು ಹೊರತೆಗೆದ ಅಕ್ಷರಗಳನ್ನು ಕತ್ತರಿಸಿ ತೆಗೆಯುವುದೆಂದರೆ ಯಾವ ಮಗನಿಗಾದರೂ ಕಷ್ಟವೇ. ಒಂದು ಮೂಲೆಗೆ ಬಟ್ಟೆ ಸುತ್ತಿ ಅಂಟಿಸಿದರೆ ತಡೆಯಲಾರದೇ ಎಂದು ಅವನು ಕೇಳಿದನು. ತಡೆದರೂ ತಡೆಯಬಹುದು ಎಂದರು ಮೇಷ್ಟ್ರು, “ತಡೆಯಲಿಲ್ಲ ಅಂದರೆ ತಂತಿ ನಿನ್ನ ಕೈಯಲ್ಲಿರುತ್ತೆ, ಎಂಜಿನ್ನು ಇನ್ನೊಬ್ಬರ ಮೈಮೇಲಿರುತ್ತೆ. ನಿಮ್ಮಪ್ಪ ಈ ಲೆಕ್ಕ ಬರೆದದ್ದು ಓದಲಿ ಅಂತಲ್ಲ ಕಣಪ್ಪ, ಹಾರಲಿ ಅಂತ.” ಹುಡುಗ ಎರಡು ದಿನ ಚಪ್ಪರದ ಕಡೆಗೆ ಬರಲಿಲ್ಲ. ಮೂರನೆಯ ದಿನ ಬಂದವನು ತಾನೇ ಹರಿತವಾದ ಬ್ಲೇಡು ಹಿಡಿದು ಬಲಗೆನ್ನೆಯನ್ನು ಓರೆಯಾಗಿ ಕತ್ತರಿಸಿದನು. ಕತ್ತರಿಸಿದ ತುಂಡನ್ನು ಕಾಗದದಲ್ಲಿ ಸುತ್ತಿ ತಾಯಿಯ ಕೈಗೆ ಕೊಟ್ಟನು.

ಹೊಸ ಬಾಲ್ಸಾವನ್ನು ಅದೇ ಓರೆಗೆ ಕೊಯ್ದು ಕೂಡಿಸಿದರು. ನೇರವಾದ ಸಂದಿಗಿಂತ ಓರೆಯಾದ ಸಂದು ಅಂಟಿಗೆ ಹೆಚ್ಚು ಎಡೆ ಕೊಡುತ್ತದೆ; ಎಳೆತವೂ ಒಂದೇ ಗೆರೆಯಲ್ಲಿ ಬೀಳದೆ ಹಂಚಿಹೋಗುತ್ತದೆ. ಅಂಟಿಸುವ ಮುನ್ನ ಹುಡುಗ ಪೆನ್ಸಿಲು ತೆಗೆದು ಹೊಸ ಮರದ ಒಳಮೈಯಲ್ಲಿ ಅದೇ ನಡುಗೆರೆಯನ್ನೆಳೆದು, ಅದೇ ಅಳತೆಗಳನ್ನು ಬರೆದನು. ಮೇಷ್ಟ್ರು ಅದನ್ನು ಅಳತೆಪಟ್ಟಿಯಿಂದ ಸರಿನೋಡಿದರು, ಲೆಕ್ಕ ಸರಿಯಾಗಿತ್ತು. ಉಪ್ಪುಕಾಗದದಿಂದ ಮೈಯನ್ನು ಒರಟು ಮಾಡಿ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟಿನಿಂದ ಫೈರ್‌ವಾಲನ್ನು ಕೂಡಿಸಿ, ಇಡೀ ರಾತ್ರಿ ಬಿಗಿದಿಟ್ಟರು.

ಒಮ್ಮೆ ಶುದ್ಧಮಾಡಿದ ಮರವನ್ನು ಹಾಗೆಯೇ ಬಿಟ್ಟರೆ ಮತ್ತೆ ಕುಡಿಯುತ್ತದೆ. ಆದುದರಿಂದ ಎಪಾಕ್ಸಿಯನ್ನು ತುಸು ಮದ್ಯಸಾರದಿಂದ ತೆಳುಮಾಡಿ ಮೂತಿಯ ಒಳಹೊರಗೆ, ಇಂಧನದ ತೊಟ್ಟಿಯ ಗೂಡಿಗೆ, ಒಂದೊಂದು ಮೊಳೆಯ ರಂಧ್ರಕ್ಕೂ ಕಡ್ಡಿಯ ತುದಿಯಿಂದ ಹಚ್ಚಿದರು. ಎಣ್ಣೆ ನುಗ್ಗುವುದು ಮಹಾದ್ವಾರದಿಂದಲ್ಲ, ಮರೆತ ಕಿಂಡಿಗಳಿಂದ. ಕಡೆಗೆ ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳಿನ ಮೇಲೆ ನಿಲ್ಲಿಸಿ ತೂಕ ನೋಡಿದಾಗ ಬಾಲ ಕೆಳಗಿಳಿಯಿತು. ಇಷ್ಟು ದಿನ ಮೂತಿಯಲ್ಲಿದ್ದ ಎಣ್ಣೆಯ ಭಾರ ಹೋಗಿ ಸಮತೋಲ ಹಿಂದಕ್ಕೆ ಸರಿದಿತ್ತು. ಬಾಲಭಾರದ ವಿಮಾನ ಹಿಡಿತಕ್ಕೆ ಸಿಗದು. ಮೇಷ್ಟ್ರು ಸೀಸದ ಚೂರೊಂದನ್ನು ಎಂಜಿನ್ನಿನ ಬಳಿ ಭದ್ರಪಡಿಸಿ ಅದನ್ನು ಸರಿದೂಗಿಸಿದರು.

ಭಾನುವಾರ ಬೆಳಿಗ್ಗೆ ಊರ ಹೊರಗಿನ ಬಯಲಿನಲ್ಲಿ ಅದು ಹಾರಿತು. ಹುಡುಗ ವೃತ್ತದ ನಡುವೆ ಹಿಡಿಕೆ ಹಿಡಿದು ತಿರುಗುತ್ತಿದ್ದನು. ತಾಯಿ ದೂರದ ಮರದ ನೆರಳಿನಲ್ಲಿ ನಿಂತಿದ್ದರು. ತೊಟ್ಟಿಯ ಇಂಧನ ಮುಗಿದು ವಿಮಾನ ಹುಲ್ಲಿನ ಮೇಲೆ ಜಾರಿ ನಿಂತೊಡನೆ ಮೇಷ್ಟ್ರು ಮೊದಲು ಮಾಡಿದ ಕೆಲಸವೆಂದರೆ ಹಳೆಯ ಪಂಚೆಯ ತುಂಡನ್ನು ಮದ್ಯಸಾರದಲ್ಲಿ ಅದ್ದಿ ಹುಡುಗನ ಕೈಗೆ ಕೊಟ್ಟುದು. ಹಾರಿದ ದಿನವೇ ಒರೆಸಿದ ಎಣ್ಣೆಗೆ ಮರದೊಳಗೆ ದಾರಿಯಿಲ್ಲ. ನಾಳೆ ಒರೆಸಿದರಾಯಿತೆಂದ ಎಣ್ಣೆಯನ್ನು ತೆಗೆಯಲು ಒಂದು ವಾರ ಬೇಕು, ಆಗಲೂ ಅರ್ಧ ಸೋಲು.

ಈಗ ಕಾಲ ಬದಲಾಗಿದೆ. ಬ್ಯಾಟರಿಯಿಂದ ತಿರುಗುವ ಮೋಟಾರುಗಳೂ ಹಗುರವಾದ ಫೋಮಿನ ರೆಕ್ಕೆಗಳೂ ಬಂದು, ಹರಳೆಣ್ಣೆಯ ಸುಟ್ಟ ವಾಸನೆಯನ್ನು ಕಂಡರಿಯದ ಹವ್ಯಾಸಿಗಳೇ ಹೆಚ್ಚುತ್ತಿದ್ದಾರೆ. ಅವರಿಗೆ ಈ ಕಷ್ಟವಿಲ್ಲ. ಆದರೂ ಎಷ್ಟೋ ಮನೆಗಳ ಅಟ್ಟದ ಮೇಲೆ ಮರದ ವಿಮಾನಗಳು ಇನ್ನೂ ಉಳಿದಿರಬಹುದು. ಅವುಗಳನ್ನು ಇಳಿಸುವ ಕೈಗಳಿಗೆ ಈ ವಿದ್ಯೆ ಬೇಕಾದೀತು. ಕಾಯಿಸಿ ಹೀರಿಸುವುದು, ಕರಗಿಸಿ ಹೊರಗೆಳೆಯುವುದು, ಚೂರು ಅಂಟಿಸಿ ಮುರಿದು ನೋಡುವುದು, ಸೋತ ಭಾಗವನ್ನು ಮನಸ್ಸು ಗಟ್ಟಿಮಾಡಿಕೊಂಡು ಕತ್ತರಿಸುವುದು, ಉಳಿದುದನ್ನು ಮುಚ್ಚಿ ಕಾಪಾಡುವುದು — ಕ್ರಮ ಇಷ್ಟೇ. ಇವುಗಳಲ್ಲಿ ಮೊದಲಿನವೆರಡನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಆದರೆ ತಾನೇ ಪ್ರೀತಿಯಿಂದ ಶುದ್ಧಮಾಡಿದುದನ್ನು ತಾನೇ ಮುರಿದು ಪರೀಕ್ಷಿಸುವ ಪ್ರಾಮಾಣಿಕತೆಗೆ ಹೆಚ್ಚು ಕಾಲ ಹಿಡಿಯುತ್ತದೆ. ಅದನ್ನು ಕಲಿತವನ ಕೈಯಲ್ಲಿ ವಿಮಾನವೂ ಭದ್ರ, ಎದುರಿಗೆ ನಿಂತವನೂ ಭದ್ರ.